ಆಟದೊಳಗಿನ ಕಛೇರಿ: ಯಾವುದನ್ನು ನುಡಿಸಬಹುದು, ಯಾವುದಕ್ಕೆ ಅನುಮತಿ ಬೇಕು?

ಪ್ರಶ್ನೆ: ನಾವು ನಾಲ್ವರು ಗೆಳೆಯರು. ಇಬ್ಬರು ಬೆಂಗಳೂರಿನಲ್ಲಿ, ಒಬ್ಬರು ಜರ್ಮನಿಯಲ್ಲಿ, ಒಬ್ಬರು ಅಮೆರಿಕದಲ್ಲಿದ್ದೇವೆ. ‘ಲಾರ್ಡ್ ಆಫ್ ದ ರಿಂಗ್ಸ್ ಆನ್‌ಲೈನ್’ ಆಟದಲ್ಲಿ ಲ್ಯೂಟ್, ಹಾರ್ಪ್, ಕೊಳಲು, ಡ್ರಮ್ ನುಡಿಸುವ ಪುಟ್ಟ ತಂಡ ಕಟ್ಟಿಕೊಂಡಿದ್ದೇವೆ. ರಾಜ್ಯೋತ್ಸವಕ್ಕೆ ಆಟದೊಳಗೇ ಅರ್ಧ ಗಂಟೆಯ ಕಛೇರಿ ಮಾಡಿ, ಯೂಟ್ಯೂಬ್‌ನಲ್ಲಿ ನೇರ ಪ್ರಸಾರ ಮಾಡುವ ಆಸೆ. ಯಾರಿಂದಲೂ ಹಣ ಪಡೆಯುವುದಿಲ್ಲ. ನಮ್ಮ ಪಟ್ಟಿ: ಪುರಂದರದಾಸರ ಒಂದು ಪದ, ಶಿಶುನಾಳ ಶರೀಫರ ಒಂದು ತತ್ವಪದ, ಮೈಸೂರು ವಾಸುದೇವಾಚಾರ್ಯರ ‘ಬ್ರೋಚೇವಾರೆವರುರಾ’, ನಾಡಗೀತೆ, 1960ರ ಸುಮಾರಿನ ಒಂದು ಚಿತ್ರಗೀತೆ, ಬೆತೋವನ್ನನ ‘ಫರ್ ಎಲಿಸ್’, ಕೊನೆಗೆ ‘ಓ ಫೋರ್ಚುನಾ’. ಮಿಡಿ ಫೈಲ್‌ಗಳನ್ನು (ಯಾವ ಸ್ವರ ಯಾವಾಗ ನುಡಿಯಬೇಕೆಂದು ಗಣಕಕ್ಕೆ ಹೇಳುವ ಕಡತ) ಅಂತರ್ಜಾಲದಿಂದ ಇಳಿಸಿಕೊಂಡು ಆಟಕ್ಕೆ ಬೇಕಾದ ಎಬಿಸಿ ರೂಪಕ್ಕೆ, ಅಂದರೆ ಅಕ್ಷರಗಳಲ್ಲಿ ಬರೆದ ಸ್ವರಲಿಪಿಗೆ, ಪರಿವರ್ತಿಸುತ್ತೇವೆ. ಹೋದ ಸಲ ಬೆತೋವನ್ ನುಡಿಸಿದ ವಿಡಿಯೊಗೇ ಕಾಪಿರೈಟ್ ಕ್ಲೇಮ್ ಬಂತು. ಇನ್ನೂರು ವರ್ಷ ಹಳೆಯದಕ್ಕೂ ಹಕ್ಕು ಇರುತ್ತದೆಯೇ?

ಉತ್ತರ: ಮೊದಲು ತೀರ್ಮಾನ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಬೆತೋವನ್ ನುಡಿಸಿ, ಆದರೆ ಆ ಮಿಡಿ ಫೈಲಿನಿಂದ ಬೇಡ. ವಾಸುದೇವಾಚಾರ್ಯರ ಕೃತಿ ಭಾರತದಲ್ಲಿ ಮುಕ್ತವಾಗಿದೆ, ಅಮೆರಿಕದ ಮಟ್ಟಿಗೆ ಒಂದು ವಿಷಯ ಪರೀಕ್ಷಿಸಬೇಕು. ದಾಸರ ಪದವನ್ನೂ ಶರೀಫರ ಪದವನ್ನೂ ನೀವು ಕೇಳಿ ಕಲಿತ ಮಟ್ಟಿನಲ್ಲಿ ನುಡಿಸುವ ಮುನ್ನ ಆ ಮಟ್ಟು ಯಾರದೆಂದು ಪತ್ತೆ ಮಾಡಿ. ನಾಡಗೀತೆ, ಚಿತ್ರಗೀತೆ, ‘ಓ ಫೋರ್ಚುನಾ’ ಈ ಮೂರನ್ನು ಅನುಮತಿಯಿಲ್ಲದೆ ಪ್ರಸಾರ ಮಾಡಬೇಡಿ.

ಈ ಪಟ್ಟಿಯಲ್ಲಿ ಹಳೆಯದು ಯಾವುದು, ಹೊಸದು ಯಾವುದು ಎಂದು ನೀವು ಹಾಡಿನ ಹೆಸರು ನೋಡಿ ಅಂದಾಜು ಮಾಡಿದ್ದೀರಿ. ತೊಂದರೆ ಶುರುವಾಗುವುದು ಅಲ್ಲಿಂದಲೇ. ನಾವು ಹಾಡು ಎಂದು ಒಂದೇ ಮಾತಿನಲ್ಲಿ ಕರೆಯುವುದು ಕಾನೂನಿನ ಕಣ್ಣಿಗೆ ನಾಲ್ಕು ಬೇರೆ ಬೇರೆ ಆಸ್ತಿ: ಸಾಹಿತ್ಯ, ಮಟ್ಟು, ಆ ಮಟ್ಟಿಗೆ ಯಾರೋ ಮಾಡಿದ ವಾದ್ಯಜೋಡಣೆ, ಮತ್ತು ಧ್ವನಿಮುದ್ರಣ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆ ಇದನ್ನು ಸ್ಪಷ್ಟವಾಗಿಯೇ ಬಿಡಿಸಿಟ್ಟಿದೆ. ಅದರ ವ್ಯಾಖ್ಯೆಯಲ್ಲಿ ‘ಸಂಗೀತ ಕೃತಿ’ ಎಂದರೆ ಸಂಗೀತ ಮತ್ತು ಅದರ ಸ್ವರಲಿಪಿ ಮಾತ್ರ, ಹಾಡುವ ಪದಗಳು ಅದರೊಳಗೆ ಸೇರುವುದಿಲ್ಲ. ಪದಗಳು ಸಾಹಿತ್ಯ ಕೃತಿಯ ಲೆಕ್ಕಕ್ಕೆ ಹೋಗುತ್ತವೆ. ಒಂದೊಂದಕ್ಕೂ ಒಡೆಯ ಬೇರೆ, ಅವಧಿಯೂ ಬೇರೆ.

ಆಟದ ವಾದ್ಯದಲ್ಲಿ ನುಡಿಸುವಾಗ ನಾಲ್ಕರಲ್ಲಿ ಒಂದು ತಾನಾಗಿಯೇ ಕಳಚಿಕೊಳ್ಳುತ್ತದೆ. ನೀವು ಯಾರ ಧ್ವನಿಮುದ್ರಣವನ್ನೂ ಬಳಸುತ್ತಿಲ್ಲ. ಸದ್ದು ಹೊರಡುವುದು ಆಟದ ಒಳಗಿನ ಲ್ಯೂಟ್, ಹಾರ್ಪ್‌ಗಳಿಂದ. ಹಾಡುಗಾರಿಕೆ ಇಲ್ಲದಿರುವುದರಿಂದ ಸಾಹಿತ್ಯವೂ ಬಹುಮಟ್ಟಿಗೆ ದೂರ ಉಳಿಯುತ್ತದೆ. ಉಳಿಯುವುದು ಮಟ್ಟು ಮತ್ತು ಜೋಡಣೆ. ನಿಮ್ಮ ಎಲ್ಲ ಎಚ್ಚರವೂ ಈ ಎರಡರ ಮೇಲೆ ಇರಲಿ.

ಅವಧಿಯ ಲೆಕ್ಕ ಹೀಗೆ. ಭಾರತದಲ್ಲಿ ಸಾಹಿತ್ಯ, ಸಂಗೀತ ಕೃತಿಗಳಿಗೆ ಕರ್ತೃ ತೀರಿಕೊಂಡ ವರ್ಷದ ಮುಂದಿನ ಜನವರಿ 1ರಿಂದ 60 ವರ್ಷ. ಹಿಂದೆ 50 ಇತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಟ್ಯಾಗೋರರ ಹಕ್ಕು 1991ರ ಕೊನೆಗೆ ಮುಗಿಯುವ ಹೊತ್ತಿಗೆ ಅದನ್ನು 60ಕ್ಕೆ ಏರಿಸಲಾಯಿತು. ಧ್ವನಿಮುದ್ರಣಕ್ಕೆ ಪ್ರಕಟವಾದ ಮುಂದಿನ ವರ್ಷದಿಂದ 60. ಐರೋಪ್ಯ ಒಕ್ಕೂಟದಲ್ಲಿ ಕರ್ತೃವಿನ ಮರಣಾನಂತರ 70 ವರ್ಷ. ಅಮೆರಿಕದಲ್ಲಿ ಹಳೆಯ ಕೃತಿಗಳಿಗೆ ಮರಣದ ಲೆಕ್ಕವಲ್ಲ, ಮೊದಲು ಪ್ರಕಟವಾದ ವರ್ಷದಿಂದ 95 ವರ್ಷ. 2026ರ ಲೆಕ್ಕಕ್ಕೆ 1930ರವರೆಗೆ ಪ್ರಕಟವಾದ ಸಂಗೀತ ಅಲ್ಲಿ ಮುಕ್ತ. ನೀವು ಮೂರೂ ಕಡೆ ಇದ್ದೀರಿ, ನಿಮ್ಮ ವಿಡಿಯೊ ಎಲ್ಲ ಕಡೆಯೂ ಕಾಣುತ್ತದೆ, ಯೂಟ್ಯೂಬ್ ನಡೆಯುವುದು ಅಮೆರಿಕದ ಕಾನೂನಿನ ಕೆಳಗೆ. ಆದ್ದರಿಂದ ಒಂದು ಕೃತಿಯನ್ನು ಮೂರೂ ಗಡಿಯಾರಗಳ ಮುಂದೆ ಹಿಡಿದು ನೋಡಬೇಕು. ‘ಭಾರತದಲ್ಲಿ ಮುಕ್ತ, ಸಾಕು’ ಎಂದರೆ ಆಗುವುದಿಲ್ಲ.

ಇದಕ್ಕೆ ಒಳ್ಳೆಯ ಉದಾಹರಣೆ ನಿಮ್ಮ ಪಟ್ಟಿಯಲ್ಲೇ ಇದೆ. ಮೈಸೂರು ವಾಸುದೇವಾಚಾರ್ಯರು ತೀರಿಕೊಂಡದ್ದು 1961ರಲ್ಲಿ. 60 ವರ್ಷ 2021ರ ಕೊನೆಗೆ ಮುಗಿಯಿತು, 2022ರ ಜನವರಿ 1ರಿಂದ ಅವರ ಕೃತಿಗಳು ಭಾರತದಲ್ಲಿ ಎಲ್ಲರ ಸ್ವತ್ತು. ಜರ್ಮನಿಯ 70 ವರ್ಷ ಎಣಿಸಿದರೆ 2031 ಬರುತ್ತದೆ. ಆದರೆ ಐರೋಪ್ಯ ಒಕ್ಕೂಟದಲ್ಲಿ ಹೊರದೇಶದ ಕೃತಿಗಳಿಗೆ ಅವಧಿಯನ್ನು ಹೋಲಿಸಿ ನೋಡುವ ನಿಯಮವಿದೆ: ಮೂಲ ದೇಶದಲ್ಲಿ ಅವಧಿ ಮುಗಿದಿದ್ದರೆ ಅಲ್ಲಿಯೂ ಮುಗಿದಂತೆಯೇ. ಹಾಗಾಗಿ ಜರ್ಮನಿಯ ಗೆಳೆಯರಿಗೂ ತೊಡಕಿಲ್ಲ. ಅಮೆರಿಕದಲ್ಲಿ ಆ ಬಗೆಯ ಹೋಲಿಕೆ ಇಲ್ಲ. ಅಷ್ಟೇ ಅಲ್ಲ, 1996ರ ಜನವರಿ 1ರಂದು ತಾಯ್ನಾಡಿನಲ್ಲಿ ಹಕ್ಕು ಉಳಿದಿದ್ದ ಹೊರದೇಶದ ಕೃತಿಗಳಿಗೆ ಅಮೆರಿಕ ತನ್ನ ಪೂರ್ತಿ ಅವಧಿಯನ್ನು ಮರಳಿ ಕೊಟ್ಟಿತು. ಆ ದಿನ ಆಚಾರ್ಯರ ಕೃತಿಗಳಿಗೆ ಭಾರತದಲ್ಲಿ ಹಕ್ಕು ಇತ್ತು. ಅಂದರೆ ಈ ಕೃತಿ ಸ್ವರಲಿಪಿಯೊಂದಿಗೆ ಮೊದಲು ಅಚ್ಚಾದದ್ದು 1930ರೊಳಗೋ ಆಮೇಲೋ ಎಂಬುದೇ ಅಲ್ಲಿನ ಪ್ರಶ್ನೆ. ಹಳೆಯ ಮುದ್ರಣದ ಮುಖಪುಟ ಹಿಡಿದು ವರ್ಷ ಖಚಿತಪಡಿಸಿಕೊಳ್ಳಿ. ವರ್ಷ ಸಿಗದಿದ್ದರೆ ಈ ಕೃತಿಯನ್ನು ಕಛೇರಿಯಿಂದ ಬಿಡಿ. ನನ್ನ ಸಲಹೆ ಇಷ್ಟೇ.

ದಾಸರ ಪದದ ವಿಷಯದಲ್ಲಿ ನಮ್ಮವರು ಬಹುತೇಕ ಎಲ್ಲರೂ ತಪ್ಪುವುದು ಒಂದೇ ಜಾಗದಲ್ಲಿ. ಪುರಂದರದಾಸರು 1564ರಲ್ಲಿ ತೀರಿಕೊಂಡರು, ಪದದ ಮೇಲೆ ಯಾರಿಗೂ ಹಕ್ಕಿಲ್ಲ, ಸರಿ. ಆದರೆ ಅವರು ಹಾಡಿದ ಮಟ್ಟುಗಳಲ್ಲಿ ಬಹುಪಾಲು ನಮಗೆ ಉಳಿದು ಬಂದಿಲ್ಲ. ಇವತ್ತು ಮನೆಮನೆಯಲ್ಲಿ ಕೇಳುವ ಎಷ್ಟೋ ದೇವರನಾಮಗಳ ಧಾಟಿ 20ನೇ ಶತಮಾನದ ಗಾಯಕರು, ಸಂಗೀತ ನಿರ್ದೇಶಕರು ಕೂಡಿಸಿದ್ದು. ಅದು ಅವರ ಸಂಗೀತ ಕೃತಿ, ಅವರ ಮರಣಾನಂತರ 60 ವರ್ಷ ಅದಕ್ಕೆ ರಕ್ಷಣೆ. ನೀವು ನುಡಿಸುವುದು ಮಟ್ಟನ್ನು ಮಾತ್ರ, ಪದವನ್ನಲ್ಲ. ಆಟದ ಕಛೇರಿಯಲ್ಲಿ ದಾಸರ ಪಾಲು ಒಂದಿಷ್ಟೂ ಇಲ್ಲದೆ, ಹಕ್ಕುಳ್ಳವರ ಪಾಲು ಮಾತ್ರ ಉಳಿಯುವ ಸಂದರ್ಭ ಇದು.

ಪತ್ತೆ ಮಾಡುವುದು ಹೇಗೆ? ನೀವು ಕಲಿತ ಮೂಲ ಧ್ವನಿಮುದ್ರಿಕೆಯ ಹೊದಿಕೆ ನೋಡಿ. ‘ರಾಗ ಸಂಯೋಜನೆ’ ಅಥವಾ ‘ಸಂಗೀತ’ ಎಂದು ಒಬ್ಬರ ಹೆಸರಿದ್ದರೆ ಆ ಮಟ್ಟು ಅವರದೆಂದೇ ನಡೆದುಕೊಳ್ಳಿ. ‘ಸಾಂಪ್ರದಾಯಿಕ’ ಎಂದಿದ್ದರೆ ಅದೇ ಧಾಟಿ ಹಳೆಯ ಸ್ವರಲಿಪಿ ಪುಸ್ತಕದಲ್ಲಿ ಸಿಗುತ್ತದೆಯೇ ಎಂದು ಹೋಲಿಸಿ. ಸಿಕ್ಕರೆ ನಿಶ್ಚಿಂತೆ. ಇದಕ್ಕಿಂತ ಸುಲಭದ ದಾರಿ ದಾಸರ ಪಿಳ್ಳಾರಿ ಗೀತೆಗಳು. ‘ಲಂಬೋದರ ಲಕುಮಿಕರ’, ‘ಕೆರೆಯ ನೀರನು’ ಇವುಗಳ ಮಲಹರಿ ರಾಗದ ಮಟ್ಟು ಗುರುಶಿಷ್ಯ ಪರಂಪರೆಯಲ್ಲಿ ಬಂದದ್ದು, ಕರ್ನಾಟಕ ಸಂಗೀತದ ಪಾಠದ ಮೊದಲ ಮೆಟ್ಟಿಲುಗಳಲ್ಲೇ ಸಿಗುವಂಥದ್ದು. ರಾಜ್ಯೋತ್ಸವಕ್ಕೆ ಇದಕ್ಕಿಂತ ಚೆಂದದ ಆರಂಭ ಬೇಕೇ? ನಾಲ್ಕು ವಾದ್ಯಗಳಿಗೆ ಹಂಚಲೂ ಸಲೀಸು.

ಶರೀಫರದೂ ಇದೇ ಕಥೆ, ಇನ್ನೂ ತೀಕ್ಷ್ಣವಾಗಿ. ಅವರು ತೀರಿಕೊಂಡದ್ದು 1889ರಲ್ಲಿ. ಆದರೆ ನಗರದ ಕಿವಿಗಳಿಗೆ ಶರೀಫರನ್ನು ತಂದುಕೊಟ್ಟದ್ದು ಸಿ. ಅಶ್ವಥ್ ಅವರ ಸಂಗೀತ. ಅಶ್ವಥ್ 2009ರಲ್ಲಿ ತೀರಿಕೊಂಡರು, ಅವರ ಮಟ್ಟುಗಳಿಗೆ 2069ರ ಕೊನೆಯವರೆಗೆ ರಕ್ಷಣೆ ಇದೆ. ಊರ ಭಜನೆ ತಂಡಗಳಲ್ಲಿ ಬಳಕೆಯಲ್ಲಿರುವ ಜನಪದ ಧಾಟಿ ನಿಮಗೆ ಗೊತ್ತಿದ್ದರೆ ಅದನ್ನು ಹಿಡಿಯಿರಿ. ಇಲ್ಲವಾದರೆ ನೀವೇ ಒಂದು ಧಾಟಿ ಕೂಡಿಸಿ. ಹಾಗೆ ಮಾಡಿದರೆ ಆ ಮಟ್ಟಿನ ಹಕ್ಕು ನಿಮ್ಮದೇ ಆಗುತ್ತದೆ. ವಚನಗಳನ್ನು ಆರಿಸುವವರಿಗೂ ಇದೇ ಮಾತು ಅನ್ವಯ.

ನಾಡಗೀತೆ ಎಂದ ಮಾತ್ರಕ್ಕೆ ಅದು ಎಲ್ಲರ ಸ್ವತ್ತಾಗುವುದಿಲ್ಲ. ಕುವೆಂಪು 1994ರಲ್ಲಿ ತೀರಿಕೊಂಡರು, ಪದಗಳಿಗೆ 2054ರ ಕೊನೆಯವರೆಗೆ ಹಕ್ಕಿದೆ. ಮೈಸೂರು ಅನಂತಸ್ವಾಮಿಯವರು 1995ರಲ್ಲಿ ತೀರಿಕೊಂಡರು, ನಾಡಗೀತೆಗೆ ಅವರು ಕೂಡಿಸಿದ ಮಟ್ಟಿಗೆ 2055ರ ಕೊನೆಯವರೆಗೆ. ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ ಅಧಿಕೃತ ಸಮಾರಂಭದಲ್ಲಿ ಹಾಡುವುದಕ್ಕೆ ನಮ್ಮ ಕೃತಿಸ್ವಾಮ್ಯ ಕಾಯಿದೆಯ ಕಲಂ 52ರಲ್ಲಿ ವಿನಾಯಿತಿ ಇದೆ. ಆಟದೊಳಗಿನ ಗೆಳೆಯರ ಕೂಟ ಅಧಿಕೃತ ಸಮಾರಂಭವಲ್ಲ. ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಹಿಡಿಯೋಣ ಎಂದುಕೊಂಡರೆ, ಅದನ್ನು ಬರೆದ ಹುಯಿಲಗೋಳ ನಾರಾಯಣರಾಯರು 1971ರಲ್ಲಿ ತೀರಿಕೊಂಡರು, ಪದಗಳು ಮುಕ್ತವಾಗುವುದು 2032ರ ಜನವರಿ 1ಕ್ಕೆ.

ನಾಡಗೀತೆ ಇರಲೇಬೇಕು ಎಂದಾದರೆ ಅನುಮತಿ ಕೇಳಿ, ಕೇಳುವುದರಲ್ಲಿ ಸಂಕೋಚ ಬೇಡ. ಮಟ್ಟು ಮಾತ್ರ ನುಡಿಸುವುದಾದರೆ ಸಂಗೀತದ ಹಕ್ಕುದಾರರ ಒಪ್ಪಿಗೆ, ಪದ ಹಾಡುವುದೋ ತೆರೆಯ ಮೇಲೆ ತೋರಿಸುವುದೋ ಆದರೆ ಕವಿಯ ಹಕ್ಕುದಾರರದೂ ಸೇರಿ. ಪತ್ರದಲ್ಲಿ ನಾಲ್ಕು ವಿಷಯ ಬಿಡಿಸಿ ಬರೆಯಿರಿ: ಆಟದ ವಾದ್ಯಗಳಿಗೆ ಹೊಂದಿಸಿ ಸ್ವರಲಿಪಿ ಮಾಡುವುದು, ಆಟದೊಳಗೆ ಸಾರ್ವಜನಿಕವಾಗಿ ನುಡಿಸುವುದು, ಯೂಟ್ಯೂಬ್‌ನಲ್ಲಿ ನೇರ ಪ್ರಸಾರ, ಆಮೇಲೆ ವಿಡಿಯೊ ಎಲ್ಲ ದೇಶಗಳಲ್ಲೂ ಕಾಣುವಂತೆ ಉಳಿಸುವುದು. ‘ಕಾರ್ಯಕ್ರಮದಲ್ಲಿ ಬಳಸಲು’ ಎಂದಷ್ಟೇ ಬರೆದರೆ ಕೊನೆಯ ಎರಡು ಅನುಮತಿಯೊಳಗೆ ಬಂದವೋ ಇಲ್ಲವೋ ಎಂಬ ಅನುಮಾನ ಉಳಿಯುತ್ತದೆ. ಉತ್ತರ ಲಿಖಿತವಾಗಿರಲಿ, ಇಮೇಲ್ ಆದರೂ ಸಾಕು. ಸಂಯೋಜಕರೋ ಕವಿಯೋ ಐಪಿಆರ್‌ಎಸ್ (ಸಂಯೋಜಕರ, ಗೀತರಚನಕಾರರ ಪರವಾಗಿ ಪರವಾನಗಿ ಕೊಡುವ) ಸಂಘದ ಸದಸ್ಯರಾಗಿದ್ದರೆ ಸಾರ್ವಜನಿಕ ಪ್ರದರ್ಶನದ ಪರವಾನಗಿ ಅಲ್ಲಿಂದ ಸಿಗುತ್ತದೆ. ಆದರೆ ಮಟ್ಟನ್ನು ಹೊಸ ವಾದ್ಯಗಳಿಗೆ ಹೊಂದಿಸಿ ಚಿತ್ರದೊಂದಿಗೆ ಜೋಡಿಸುವುದಕ್ಕೆ ಹಕ್ಕುದಾರರನ್ನೇ ಕೇಳಬೇಕಾಗುತ್ತದೆ.

ಹಳೆಯ ಚಿತ್ರಗೀತೆಯ ಬಗ್ಗೆ ಹರಿದಾಡುವ ಒಂದು ಅರ್ಧ ಸತ್ಯವಿದೆ: ‘1960ರ ಹಾಡು, 60 ವರ್ಷ ಆಯಿತು, ಮುಕ್ತ.’ ಮುಕ್ತವಾದದ್ದು ಧ್ವನಿಮುದ್ರಣ ಮಾತ್ರ. 1960ರಲ್ಲಿ ಪ್ರಕಟವಾದ ಮುದ್ರಣದ ಹಕ್ಕು ಭಾರತದಲ್ಲಿ 2020ರ ಕೊನೆಗೆ ಮುಗಿಯಿತು. ಆದರೆ ನೀವು ಬಳಸದೆ ಇರುವುದು ಅದನ್ನೇ! ನೀವು ಬಳಸುವ ಮಟ್ಟಿನ ಲೆಕ್ಕ ಸಂಗೀತ ನಿರ್ದೇಶಕರ ಆಯುಷ್ಯದೊಂದಿಗೆ ಹೋಗುತ್ತದೆ. ಜಿ.ಕೆ. ವೆಂಕಟೇಶ್ 1993ರಲ್ಲಿ ತೀರಿಕೊಂಡರು, ಅವರ ಸಂಗೀತಕ್ಕೆ 2053ರ ಕೊನೆಯವರೆಗೆ ರಕ್ಷಣೆ. ಜೋಡಿ ಸಂಯೋಜಕರಾದರೆ ಕೊನೆಗೆ ತೀರಿಕೊಂಡವರಿಂದ ಎಣಿಕೆ. ರಾಜನ್–ನಾಗೇಂದ್ರ ಜೋಡಿಯಲ್ಲಿ ನಾಗೇಂದ್ರ ಅವರು 2000ದಲ್ಲಿ, ರಾಜನ್ ಅವರು 2020ರಲ್ಲಿ ತೀರಿಕೊಂಡರು, ಆದ್ದರಿಂದ ಲೆಕ್ಕ 2080ರ ಕೊನೆಗೆ ಹೋಗಿ ನಿಲ್ಲುತ್ತದೆ. ಕವರ್ ಆವೃತ್ತಿಗಳಿಗೆ ಕಲಂ 31ಸಿ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅದು ಧ್ವನಿಮುದ್ರಣಕ್ಕೆ ಇರುವ ಪರವಾನಗಿ. ಮುಂಗಡವಾಗಿ, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಲ್ಟಿ ಕಟ್ಟುವ ಷರತ್ತು ಅದಕ್ಕಿದೆ. ವಿಡಿಯೊ ಮಾಡುವ ನಾಲ್ವರ ತಂಡಕ್ಕೆ ಆ ದಾರಿ ಇಲ್ಲ.

‘ಓ ಫೋರ್ಚುನಾ’ ಪದಗಳು ಮಧ್ಯಯುಗದ ಲ್ಯಾಟಿನ್ ಕವಿತೆ, ಅದಕ್ಕೇ ಎಲ್ಲರೂ ಮೋಸಹೋಗುತ್ತಾರೆ. ಸಂಗೀತ ಕಾರ್ಲ್ ಓರ್ಫ್ 1930ರ ದಶಕದಲ್ಲಿ ಬರೆದದ್ದು, ಮೊದಲ ಪ್ರದರ್ಶನ 1937ರಲ್ಲಿ. ಓರ್ಫ್ ತೀರಿಕೊಂಡದ್ದು 1982ರಲ್ಲಿ. ಭಾರತದಲ್ಲಿ 2042ರ ಕೊನೆಯವರೆಗೆ, ಜರ್ಮನಿಯಲ್ಲಿ 2052ರ ಕೊನೆಯವರೆಗೆ ಹಕ್ಕಿದೆ. ಮೂರು ಗಡಿಯಾರಗಳಲ್ಲಿ ಒಂದೂ ಬಿಡುವುದಿಲ್ಲ. ಕೈಬಿಡಿ.

ಈಗ ಫೈಲಿನ ಮಾತು. ಬೆತೋವನ್ 1827ರಲ್ಲಿ ತೀರಿಕೊಂಡ, ‘ಫರ್ ಎಲಿಸ್’ ಮೊದಲು ಅಚ್ಚಾದದ್ದು 1867ರಲ್ಲಿ, ಮಟ್ಟಿನ ಮೇಲೆ ಯಾವ ದೇಶದಲ್ಲೂ ಹಕ್ಕಿಲ್ಲ. ನೀವು ಇಳಿಸಿಕೊಂಡ ಮಿಡಿ ಫೈಲಿಗೂ ಹಾಗೆಯೇ ಎನ್ನಲಾಗದು. ನಮ್ಮ ಕಾಯಿದೆಯಲ್ಲಿ ಸಂಗೀತ ಕೃತಿಯ ಜೋಡಣೆಯೂ ಲಿಪ್ಯಂತರವೂ ‘ರೂಪಾಂತರ’ದ ಅರ್ಥದೊಳಗೆ ಬರುತ್ತವೆ. ಯಾರೋ ಎಡಗೈಯ ಭಾಗ ಬದಲಿಸಿ, ಹೊಸ ಸ್ವರಮೇಳ ಸೇರಿಸಿ, ನಾಲ್ಕು ವಾದ್ಯಗಳಿಗೆ ಹಂಚಿ ಮಾಡಿದ ಫೈಲಾದರೆ ಆ ಜೋಡಣೆ ಅವರದು. ಅಚ್ಚಾದ ಸ್ವರಗಳನ್ನು ಇದ್ದಂತೆಯೇ ಯಂತ್ರಕ್ಕೆ ತುಂಬಿದ ಮಾತ್ರಕ್ಕೆ ಹೊಸ ಹಕ್ಕು ಹುಟ್ಟುವುದು ಕಷ್ಟ. ದುಡಿಮೆ ಮಾತ್ರ ಸಾಲದು, ಒಂದಿಷ್ಟಾದರೂ ಸೃಜನಶೀಲತೆ ಬೇಕು ಎಂದು ನಮ್ಮ ಸುಪ್ರೀಂ ಕೋರ್ಟ್ ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ಹೇಳಿದೆ. ಆದರೆ ಹೆಸರಿಲ್ಲದ ಒಂದು ಫೈಲನ್ನು ತೆರೆದು, ಅದು ಯಥಾನಕಲೋ ಹೊಸ ಜೋಡಣೆಯೋ ಎಂದು ಅಳೆಯುವ ಹೊತ್ತಿಗೆ ನೀವೇ ಸ್ವರಲಿಪಿ ತುಂಬಿ ಮುಗಿಸಿರುತ್ತೀರಿ.

ತುಂಬುವ ಕ್ರಮ ಹೇಳುತ್ತೇನೆ. ಹಳೆಯ ಸ್ವರಲಿಪಿಗಳು ಸಿಗುವ ಐಎಂಎಸ್‌ಎಲ್‌ಪಿ ಜಾಲತಾಣದಲ್ಲಿ ಬ್ರೈಟ್‌ಕಾಫ್ ಪ್ರಕಾಶನದ 19ನೇ ಶತಮಾನದ ಮುದ್ರಣ ಹುಡುಕಿ. ಇತ್ತೀಚಿನ ಸಂಶೋಧಿತ ಆವೃತ್ತಿಗಳನ್ನು ಮುಟ್ಟಬೇಡಿ, ಜರ್ಮನಿಯಲ್ಲಿ ಅಂಥ ಸಂಪಾದನೆಗೂ ಪ್ರಕಟವಾದ ಮೇಲೆ 25 ವರ್ಷದ ಹಕ್ಕು ಇದೆ. ಸ್ವರಗಳನ್ನು ಮ್ಯೂಸ್‌ಸ್ಕೋರ್ ಎಂಬ ಸ್ವರಲಿಪಿ ತಂತ್ರಾಂಶದಲ್ಲಿ ನೀವೇ ಕೂಡಿಸಿ, ಮಿಡಿಯಾಗಿ ಹೊರತೆಗೆದು, ಮೇಸ್ಟ್ರೊ ತಂತ್ರಾಂಶದಲ್ಲಿ ಎಬಿಸಿಗೆ ಪರಿವರ್ತಿಸಿ. ಈ ಆಟದ ಒಂದು ವಾದ್ಯಕ್ಕೆ ಮೂರು ಸ್ಥಾಯಿ, ಒಟ್ಟು 37 ಸ್ವರ ಮಾತ್ರ. ‘ಫರ್ ಎಲಿಸ್’ ಪಿಯಾನೊದಲ್ಲಿ ಅದಕ್ಕಿಂತ ಅಗಲವಾಗಿ ಹರಡಿಕೊಂಡಿದೆ. ಕೆಳಗಿನ ಭಾಗವನ್ನು ಥಿಯೊರ್ಬೊಗೆ (ಕೆಳಸ್ಥಾಯಿಯ ದೊಡ್ಡ ಲ್ಯೂಟ್), ನಡುವಿನದನ್ನು ಹಾರ್ಪ್‌ಗೆ, ಮೇಲಿನದನ್ನು ಕೊಳಲಿಗೆ ಹಂಚಿದರೆ ಸ್ವರಗಳು ಕಳೆದುಹೋಗುವುದಿಲ್ಲ. ಎಲ್ಲವನ್ನೂ ಒಂದೇ ಲ್ಯೂಟಿಗೆ ತುರುಕಿದರೆ ವ್ಯಾಪ್ತಿಯಾಚೆಯ ಸ್ವರಗಳನ್ನು ಸ್ಥಾಯಿ ಬದಲಿಸಿ ಒಳಗೆ ತರಬೇಕಾಗಿ ರಾಗದ ನಡೆಯೇ ಮುರಿಯುತ್ತದೆ. ಈ ಹಂಚಿಕೆ ಮಾಡಿದವರು ನೀವಾದ್ದರಿಂದ ಜೋಡಣೆಯೂ ನಿಮ್ಮದು, ನಾಳೆ ಕ್ಲೇಮ್ ಬಂದರೆ ಮ್ಯೂಸ್‌ಸ್ಕೋರ್ ಫೈಲೇ ನಿಮ್ಮ ಸಾಕ್ಷಿ.

ಹಾಗಾದರೆ ಹೋದ ಸಲದ ಕ್ಲೇಮ್ ಎಲ್ಲಿಂದ ಬಂತು? ವಿಡಿಯೊಗಳನ್ನು ತಾನಾಗಿಯೇ ತಪಾಸಣೆ ಮಾಡುವ ಯೂಟ್ಯೂಬ್‌ನ ಕಂಟೆಂಟ್ ಐಡಿ ವ್ಯವಸ್ಥೆ ಕಾನೂನು ಓದುವುದಿಲ್ಲ, ಸದ್ದಿನ ಗುರುತನ್ನು ಹೋಲಿಸುತ್ತದೆ. ಯಾವುದೋ ಕಂಪನಿ ತನ್ನ ಧ್ವನಿಮುದ್ರಣವನ್ನು ಅದರಲ್ಲಿ ನೋಂದಾಯಿಸಿರುತ್ತದೆ, ನಿಮ್ಮ ನುಡಿಸಾಣಿಕೆಯ ಸ್ವರಸಾಲು ಅದಕ್ಕೆ ಹೊಂದಿದಂತೆ ಕಂಡರೆ ಯಂತ್ರ ಗುರುತು ಹಾಕುತ್ತದೆ. ಎಲ್ಲಕ್ಕಿಂತ ಮೊದಲು ಕ್ಲೇಮ್ ಯಾವ ನಿಮಿಷದಿಂದ ಯಾವ ನಿಮಿಷದವರೆಗೆ ಬಂದಿದೆ ನೋಡಿ. ಅನೇಕ ಸಲ ಅದು ನೀವು ನುಡಿಸಿದ್ದಕ್ಕೆ ಆಗಿರುವುದಿಲ್ಲ, ಹಿಂದೆ ಹರಿಯುತ್ತಿದ್ದ ಆಟದ ಸ್ವಂತ ಹಿನ್ನೆಲೆ ಸಂಗೀತಕ್ಕೆ ಆಗಿರುತ್ತದೆ. ಕಛೇರಿಗೆ ಮುನ್ನ ಧ್ವನಿಯ ಸೆಟ್ಟಿಂಗ್‌ಗೆ ಹೋಗಿ ಹಿನ್ನೆಲೆ ಸಂಗೀತವನ್ನು ಸೊನ್ನೆಗೆ ಇಳಿಸಿ, ಆಟಗಾರರ ವಾದ್ಯದ ಧ್ವನಿಯನ್ನು ಮಾತ್ರ ಉಳಿಸಿ. ಪ್ರಸಾರ ಮಾಡುವವರ ಗಣಕದಲ್ಲಿ ಇದನ್ನು ಮಾಡಿದರೆ ಸಾಕು.

ಕ್ಲೇಮ್ ನಿಜವಾಗಿಯೂ ಬೆತೋವನ್ ಭಾಗಕ್ಕೇ ಬಂದಿದ್ದರೆ ತಕರಾರು ಸಲ್ಲಿಸಿ. ಕಾರಣದಲ್ಲಿ ಪಬ್ಲಿಕ್ ಡೊಮೈನ್ (ಎಲ್ಲರ ಸ್ವತ್ತು) ಆರಿಸಿ. ವಿವರಣೆ ಗಿಡ್ಡಗೆ, ಖಚಿತವಾಗಿರಲಿ: ರಚನಕಾರನ ಹೆಸರು ಮತ್ತು ಮರಣದ ವರ್ಷ, ಯಾವ ಮುದ್ರಣದಿಂದ ಸ್ವರಲಿಪಿ ಮಾಡಿದಿರಿ, ನುಡಿಸಿದವರು ನೀವೇ, ಯಾರ ಧ್ವನಿಮುದ್ರಣವೂ ಇದರಲ್ಲಿಲ್ಲ. ಎದುರಿನವರಿಗೆ ಉತ್ತರಿಸಲು 30 ದಿನ. ಸುಮ್ಮನಿದ್ದರೆ ಕ್ಲೇಮ್ ಬಿದ್ದುಹೋಗುತ್ತದೆ. ತಿರಸ್ಕರಿಸಿದರೆ ಮೇಲ್ಮನವಿ, ಅದಕ್ಕೆ ಅವರಿಗೆ 7 ದಿನ. ಮೇಲ್ಮನವಿಯ ಹಂತದಲ್ಲಿ ನಿಂತು ಯೋಚಿಸಿ. ಅವರು ವಿಡಿಯೊ ತೆಗೆಸುವ ಕಾನೂನು ಕೋರಿಕೆ ಸಲ್ಲಿಸಿದರೆ ಚಾನೆಲ್ಲಿಗೆ ಸ್ಟ್ರೈಕ್ (ಯೂಟ್ಯೂಬ್‌ನ ಶಿಸ್ತಿನ ಎಚ್ಚರಿಕೆ) ಬೀಳಬಹುದು, 90 ದಿನದೊಳಗೆ ಮೂರು ಬಿದ್ದರೆ ಚಾನೆಲ್ಲೇ ಹೋಗಬಹುದು. ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಬೆತೋವನ್ನನಂಥ ಸ್ಪಷ್ಟ ಪ್ರಕರಣದಲ್ಲಿ ಕೊನೆಯವರೆಗೂ ಹೋಗಿ, ಎಲ್ಲರ ಸ್ವತ್ತನ್ನು ಒಬ್ಬರು ಬೇಲಿ ಹಾಕಿಕೊಳ್ಳಲು ಬಿಡಬಾರದು. ಮಟ್ಟಿನ ಮೂಲವೇ ಅನುಮಾನವಿದ್ದ ಹಾಡಿಗೆ ಆ ಹಾದಿ ಹಿಡಿಯಬೇಡಿ.

‘ಹಣ ಪಡೆಯುವುದಿಲ್ಲ’ ಎಂಬುದರ ಮೇಲೆ ನೀವು ಭರವಸೆ ಇಟ್ಟಿದ್ದೀರಿ. ಭಾರತದ ಕಲಂ 52ರಲ್ಲಿ ಹವ್ಯಾಸಿ ಸಂಘ ಶುಲ್ಕ ಕೊಡದ ಪ್ರೇಕ್ಷಕರ ಮುಂದೆ ಪ್ರದರ್ಶಿಸಲು ವಿನಾಯಿತಿ ಇರುವುದು ನಿಜ. ಅದು ಪ್ರದರ್ಶನದ ಮಾತು, ವಿಡಿಯೊ ಮಾಡಿ ಲೋಕಕ್ಕೆಲ್ಲ ಹಂಚುವುದರ ಮಾತಲ್ಲ. ಅಮೆರಿಕದ ಕಾಯಿದೆಯಲ್ಲೂ ಲಾಭವಿಲ್ಲದ ಪ್ರದರ್ಶನಕ್ಕೆ ವಿನಾಯಿತಿ ಇದೆ, ಆದರೆ ಸಾರ್ವಜನಿಕರಿಗೆ ದೂರಪ್ರಸಾರ ಮಾಡುವುದನ್ನು ಅದೇ ಸಾಲಿನಲ್ಲಿ ಹೊರಗಿಟ್ಟಿದ್ದಾರೆ. ಆಟದ ಕಛೇರಿ ಸರ್ವರಿನಿಂದ ಗಣಕಕ್ಕೆ ಹರಿಯುವ ಪ್ರಸಾರವೇ. ‘30 ಸೆಕೆಂಡಿನೊಳಗೆ ಇದ್ದರೆ ಸರಿ’, ‘ಹೆಸರು ಹಾಕಿದರೆ ಸರಿ’ ಎಂಬ ನಿಯಮಗಳು ಯಾವ ಕಾಯಿದೆಯಲ್ಲೂ ಇಲ್ಲ. ಆಟದ ಕಂಪನಿಯ ಬಳಕೆದಾರ ಒಪ್ಪಂದವನ್ನೂ ಒಮ್ಮೆ ಓದಿ. ಆಟದ ದೃಶ್ಯ, ವಾದ್ಯದ ಸದ್ದು ಅವರವು, ಆಟಗಾರ ತರುವ ಸಂಗೀತದ ಹೊಣೆ ಸಾಮಾನ್ಯವಾಗಿ ಆಟಗಾರನದೇ.

ಬಿಟ್ಟ ಮೂರು ಹಾಡುಗಳ ಜಾಗಕ್ಕೆ ಏನು? ವೀಣೆ ಶೇಷಣ್ಣನವರ ಸ್ವರಜತಿ, ತಿಲ್ಲಾನಗಳನ್ನು ನೋಡಿ. ಮೈಸೂರು ಆಸ್ಥಾನದ ವೈಣಿಕರು, 1926ರಲ್ಲಿ ತೀರಿಕೊಂಡರು, ಭಾರತದಲ್ಲಿ 1976ರ ಕೊನೆಗೇ ಅವರ ಹಕ್ಕು ಮುಗಿದಿದೆ. ಮೀಟುವ ವಾದ್ಯಕ್ಕೆಂದೇ ಹುಟ್ಟಿದ ಸಂಗೀತವಾದ್ದರಿಂದ ಲ್ಯೂಟ್, ಹಾರ್ಪ್‌ಗಳಿಗೆ ಚೆನ್ನಾಗಿ ಹೊಂದುತ್ತದೆ. ‘ಓ ಫೋರ್ಚುನಾ’ ಬದಲು ಪಾಶ್ಚಾತ್ಯ ಛಾಯೆ ಬೇಕಾದರೆ ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳಿವೆ. ದೀಕ್ಷಿತರು 1835ರಲ್ಲಿ ತೀರಿಕೊಂಡರು. ಬ್ಯಾಂಡಿನ ಇಂಗ್ಲಿಷ್ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿದ ರಚನೆಗಳು ಇವು, ‘ಸಂತತಂ ಪಾಹಿಮಾಂ’ ಬ್ರಿಟಿಷ್ ರಾಷ್ಟ್ರಗೀತೆಯ ಮಟ್ಟಿನಲ್ಲೇ ಇದೆ. ಆಟದ ವಾದ್ಯಗಳಲ್ಲಿ ಸ್ಥಾಯಿಗೆ 12 ಸ್ಥಿರ ಸ್ವರಗಳಷ್ಟೇ, ಸ್ವರವನ್ನು ಜಾರಿಸುವ, ತೂಗಿಸುವ ಜಾರು, ಕಂಪಿತದಂಥ ಗಮಕ ಯಾವುದೂ ಇಲ್ಲ. ಗಮಕವನ್ನೇ ನೆಚ್ಚಿದ ತೋಡಿ, ಬೇಗಡೆ ರಾಗಗಳು ಅಲ್ಲಿ ಸೊರಗುತ್ತವೆ. ಗಮಕವನ್ನೇ ಬೇಡದ ನೊಟ್ಟುಸ್ವರ ನಿಂತು ಬೆಳಗುತ್ತದೆ. ಸ್ವರಲಿಪಿಗೆ ಸುಬ್ಬರಾಮ ದೀಕ್ಷಿತರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಂಥ ಹಳೆಯ ಆಕರಗಳನ್ನು ಹಿಡಿಯಿರಿ. ಆ ಗ್ರಂಥ 1904ರದ್ದು, ಸಂಪಾದಕರು 1906ರಲ್ಲಿ ತೀರಿಕೊಂಡವರು, ಎರಡು ಕಡೆಯಿಂದಲೂ ಮುಕ್ತ.

ನಿಮ್ಮಲ್ಲಿ ಯಾರಾದರೂ ‘ಗೆನ್‌ಶಿನ್ ಇಂಪ್ಯಾಕ್ಟ್’ ಎಂಬ ಇನ್ನೊಂದು ಆಟದ ಲೈರ್ ವಾದ್ಯ ನುಡಿಸುವವರಿದ್ದರೆ ಹಕ್ಕಿನ ಲೆಕ್ಕ ಇದೇ, ಸ್ವರದ ಲೆಕ್ಕ ಬೇರೆ. ಅದರಲ್ಲಿ 21 ಸ್ವರ, ಎಲ್ಲವೂ ಪಿಯಾನೊದ ಬಿಳಿ ಮನೆಗಳು. ಮೊದಲ ಮನೆಯನ್ನು ಷಡ್ಜ ಮಾಡಿದರೆ ಶಂಕರಾಭರಣ ರಾಗ, ಎರಡನೆಯದರಿಂದ ಖರಹರಪ್ರಿಯ, ನಾಲ್ಕರಿಂದ ಕಲ್ಯಾಣಿ, ಐದರಿಂದ ಹರಿಕಾಂಭೋಜಿ, ಆರರಿಂದ ನಟಭೈರವಿ. ಮೋಹನ, ಹಂಸಧ್ವನಿ ಸಲೀಸು. ಮಾಯಾಮಾಳವಗೌಳ ಎಲ್ಲಿಂದ ಶುರು ಮಾಡಿದರೂ ಸಿಗುವುದಿಲ್ಲ. ಮಲಹರಿಯನ್ನು ಮೂರನೇ ಮನೆಯಿಂದ ಹಿಡಿದರೆ ಆರೋಹಣ ಬರುತ್ತದೆ, ಅವರೋಹಣದ ಗಾಂಧಾರ ಬರುವುದಿಲ್ಲ. ‘ಲಂಬೋದರ’ ಅಲ್ಲಿ ನುಡಿಸಲು ಹೋಗಬೇಡಿ, ಮೋಹನ ರಾಗದ ‘ವರವೀಣಾ’ ಗೀತೆ ನುಡಿಸಿ.

ಕಛೇರಿಯ ದಿನ ಎರಡು ವಿಷಯ ನೆನಪಿರಲಿ. ಆಟದ ಚಾಟ್‌ನಲ್ಲಿ ಹಾಡಿನ ಸಾಲುಗಳನ್ನು ಟೈಪ್ ಮಾಡುತ್ತಾ ಹೋಗುವ ರೂಢಿ ಅನೇಕ ತಂಡಗಳಲ್ಲಿದೆ. ಹಾಗೆ ಮಾಡಿದ ಕೂಡಲೇ ಹೊರಗಿಟ್ಟಿದ್ದ ಸಾಹಿತ್ಯದ ಹಕ್ಕು ಮತ್ತೆ ಒಳಗೆ ಬರುತ್ತದೆ. ದಾಸರ ಪದ, ಶರೀಫರ ಪದವಾದರೆ ಧಾರಾಳವಾಗಿ ಟೈಪ್ ಮಾಡಿ. ಎರಡನೆಯದು, ಎಬಿಸಿ ಫೈಲಿನ ತಲೆಬರಹ. ಟಿ ಸಾಲಿನಲ್ಲಿ ಕೃತಿಯ ಹೆಸರು, ಸಿ ಸಾಲಿನಲ್ಲಿ ರಚನಕಾರರ ಹೆಸರು ಮತ್ತು ಮರಣದ ವರ್ಷ, ಎಸ್ ಸಾಲಿನಲ್ಲಿ ಯಾವ ಪುಸ್ತಕದ ಯಾವ ಮುದ್ರಣ, ಜೆಡ್ ಸಾಲಿನಲ್ಲಿ ಲಿಪಿ ಮಾಡಿದವರ ಹೆಸರು ಮತ್ತು ದಿನಾಂಕ ಬರೆದಿಡಿ. ಅದೇ ನಾಲ್ಕು ಸಾಲುಗಳನ್ನು ಯೂಟ್ಯೂಬ್ ವಿವರಣೆಯಲ್ಲೂ ಹಾಕಿ. ಕ್ಲೇಮ್ ಬಂದ ದಿನ ತಕರಾರಿನ ಪೆಟ್ಟಿಗೆಯಲ್ಲಿ ತುಂಬಬೇಕಾದದ್ದು ಅಷ್ಟೂ ಅಲ್ಲೇ ಸಿದ್ಧವಾಗಿರುತ್ತದೆ.